ನಡುವಯಸ್ಸಿನಲ್ಲಿ ಎಡ್‌ಟೆಕ್ ಕಡೆಗೆ: ಸ್ನಾತಕೋತ್ತರ ಪ್ರಾಜೆಕ್ಟ್ ಯಾವುದನ್ನು ಆರಿಸಿಕೊಳ್ಳಬೇಕು?

ಎಡ್‌ಟೆಕ್, ಅಂದರೆ ತಂತ್ರಜ್ಞಾನದ ಮೂಲಕ ಕಲಿಸುವ ಉದ್ಯಮದ ಕಡೆ ಹೊರಳಲು ನಲವತ್ತು ದಾಟಿದ ಮೇಲೆ ಎಂ.ಎಡ್., ಎಂಎ ಎಜುಕೇಶನ್, ಎಂಸಿಎ ಅಥವಾ ಇನ್‌ಸ್ಟ್ರಕ್ಷನಲ್ ಡಿಸೈನ್ (ಪಾಠ ವಿನ್ಯಾಸ) ಡಿಪ್ಲೊಮಾಗೆ ಸೇರಿದವರು ಪ್ರಾಜೆಕ್ಟಿನ ವಿಷಯ ಹುಡುಕುವಾಗ ಮೊದಲು ತಂತ್ರಜ್ಞಾನವನ್ನೇ ಆರಿಸಿಬಿಡುತ್ತಾರೆ. ಆ್ಯಪ್ ಮಾಡೋಣ, ಎಐ ಹಾಕೋಣ, ವಿಆರ್ ತರೋಣ. ದಾರಿ ತಪ್ಪುವುದು ಅಲ್ಲಿಂದಲೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಒಂದು ಪ್ರಾಜೆಕ್ಟ್ ಮುಗಿಯುತ್ತದೋ ಇಲ್ಲವೋ ಎಂಬುದು ಬೇರೆ ಮೂರು ಸಂಗತಿಗಳ ಮೇಲೆ ನಿಂತಿದೆ: ಯಾರ ಅನುಮತಿ ಬೇಕು, ಶಾಲೆಯ ಕ್ಯಾಲೆಂಡರಿನಲ್ಲಿ ಯಾವ ವಾರಗಳು ಬಿಡುವಾಗಿವೆ, ನಿಮ್ಮ ಹಳೇ ಕೆಲಸದಿಂದಾಗಿ ಯಾವ ಕಲಿಯುವವರು ನಿಮಗೆ ಈಗಾಗಲೇ ಕೈಗೆ ಸಿಗುತ್ತಾರೆ. ತಂತ್ರಾಂಶದ ಆಯ್ಕೆ ನಾಲ್ಕನೆಯದು.

ಇಪ್ಪತ್ತೆರಡರ ಹುಡುಗರ ಜೊತೆ ಕೋಡಿಂಗ್‌ನಲ್ಲಿ ಪೈಪೋಟಿಗೆ ಇಳಿಯಬೇಕಾಗಿಲ್ಲ. ಹದಿನೈದು ವರ್ಷ ಗಣಿತ ಹೇಳಿಕೊಟ್ಟವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಗೊತ್ತು. ಬ್ಯಾಂಕಿನಲ್ಲಿ ಕೂತವರಿಗೆ ಹೊಸ ಗುಮಾಸ್ತ ಯಾವ ಅರ್ಜಿಯಲ್ಲಿ ತಪ್ಪು ಮಾಡುತ್ತಾನೆ ಎಂದು ಗೊತ್ತು. ಪ್ರಾಜೆಕ್ಟ್ ಆ ತಿಳಿವಳಿಕೆಯ ಪಕ್ಕದಲ್ಲೇ ಇರಲಿ.

ಮೊದಲು ಗಂಟೆಗಳ ಲೆಕ್ಕ

ಕೆಲಸ, ಮನೆ ಎರಡನ್ನೂ ನೋಡಿಕೊಳ್ಳುವವರಿಗೆ ವಾರಕ್ಕೆ 7 ಗಂಟೆ ಸಿಕ್ಕರೆ ದೊಡ್ಡದು. 16 ವಾರದ ಸೆಮಿಸ್ಟರ್‌ಗೆ 112 ಗಂಟೆ ಆಯಿತು. ಅದರಲ್ಲಿ ವರದಿ ಬರೆಯುವುದಕ್ಕೂ ಗೈಡ್ ಹೇಳಿದ ತಿದ್ದುಪಡಿಗೂ 35 ಗಂಟೆ ತೆಗೆದಿಡಿ, ಅನುಮತಿಯ ಓಡಾಟಕ್ಕೆ 12. ನಿಜವಾದ ಕೆಲಸಕ್ಕೆ ಉಳಿಯುವುದು 65 ಗಂಟೆ. ಡಿಸರ್ಟೇಶನ್ ಎರಡು ಸೆಮಿಸ್ಟರ್‌ಗೆ ಹರಡಿಕೊಂಡಿದ್ದರೆ ಇದನ್ನು ಹಿಗ್ಗಿಸಬಹುದು. ಆದರೆ ಮುಂದೆ ಹೇಳುವ ಆಯ್ಕೆಗಳನ್ನೆಲ್ಲ ಈ 65 ಗಂಟೆಯ ಎದುರು ಇಟ್ಟು ತೂಗುವುದು ಕ್ಷೇಮ.

ಕಲಿಕಾ ಘಟಕ ಕಟ್ಟುವುದು

ಒಂದು ಚಿಕ್ಕ ಡಿಜಿಟಲ್ ಪಾಠವನ್ನು ಪೂರ್ತಿಯಾಗಿ ತಯಾರಿಸುವುದು. ಬಹುತೇಕರಿಗೆ ಹೊಂದುವ ಆಯ್ಕೆ ಇದೇ, ಬಹುತೇಕರು ಕೆಡಿಸಿಕೊಳ್ಳುವುದೂ ಇದನ್ನೇ. ಕಾರಣ, ಗಾತ್ರ. ‘8ನೇ ತರಗತಿ ವಿಜ್ಞಾನಕ್ಕೆ ಡಿಜಿಟಲ್ ಪಾಠಗಳು’ ಎಂದು ಸಿನಾಪ್ಸಿಸ್ (ಪ್ರಾಜೆಕ್ಟಿನ ರೂಪರೇಖೆ) ಕೊಟ್ಟರೆ ಅದು ಒಬ್ಬರ ಕೆಲಸವಲ್ಲ, ಒಂದು ಕಂಪನಿಯ ಕೆಲಸ. ಈ ಉದ್ಯಮದಲ್ಲಿ ಪದೇಪದೇ ಉಲ್ಲೇಖವಾಗುವ 2010ರ ಒಂದು ಸಮೀಕ್ಷೆಯ ಪ್ರಕಾರ ಒಂದು ಗಂಟೆಯ ಸರಳ ಇ-ಲರ್ನಿಂಗ್ ತಯಾರಿಸಲು ಸರಾಸರಿ 79 ಗಂಟೆ ಬೇಕು, ಮಧ್ಯಮ ಮಟ್ಟದ ಸಂವಾದಾತ್ಮಕ ಪಾಠಕ್ಕೆ 184 ಗಂಟೆ. ಹಾಗಾದರೆ 65 ಗಂಟೆಯಲ್ಲಿ ನಿಮ್ಮ ಕೈಲಿ ಆಗುವುದು ಸುಮಾರು 20 ನಿಮಿಷದ ಒಂದು ಒಳ್ಳೆಯ ಪಾಠ. ಕಡಿಮೆ ಅನಿಸಬಹುದು. ಆದರೆ ಸಂದರ್ಶನದಲ್ಲಿ ಯಾರೂ 20 ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ.

ಆ 20 ನಿಮಿಷವನ್ನು ಒಂದು ಅಧ್ಯಾಯಕ್ಕೆ ಹರಡಬೇಡಿ, ಒಂದೇ ಒಂದು ತಪ್ಪು ಕಲ್ಪನೆಗೆ ಕೊಡಿ. ಉದಾಹರಣೆಗೆ 4ಕ್ಕಿಂತ 6 ದೊಡ್ಡದು, ಆದ್ದರಿಂದ 1/4ಕ್ಕಿಂತ 1/6 ದೊಡ್ಡದು ಎಂದು ಮಕ್ಕಳು ನಂಬುವುದು. ವಿಷಯ ಇಷ್ಟು ಚಿಕ್ಕದಾದರೆ ಪೂರ್ವ ಪರೀಕ್ಷೆ, ಪಾಠ, ನಂತರದ ಪರೀಕ್ಷೆ ಮೂರೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಗಂಟೆಗಳನ್ನು ಹೀಗೆ ಹಂಚಬಹುದು: ಶಿಕ್ಷಕರ ಜೊತೆ ಮಾತು ಮತ್ತು ಮಕ್ಕಳ ನೋಟ್‌ಬುಕ್ ನೋಡುವುದಕ್ಕೆ 8, ಸ್ಟೋರಿಬೋರ್ಡಿಗೆ 14, ಪರದೆಗಳನ್ನು ಕಟ್ಟುವುದಕ್ಕೆ 20, ಧ್ವನಿ ಮುದ್ರಣಕ್ಕೆ 6, ಐದು ಮಕ್ಕಳ ಜೊತೆ ಪ್ರಯೋಗಕ್ಕೆ 7, ತಿದ್ದುವುದಕ್ಕೆ 6. ಒಟ್ಟು 61, ಉಳಿದ ನಾಲ್ಕು ಗಂಟೆ ಕರೆಂಟ್ ಹೋದಾಗ ಬೇಕಾಗುತ್ತದೆ. ಸ್ಟೋರಿಬೋರ್ಡಿಗೆ ಕಾಗದ ಅಥವಾ ಎಕ್ಸೆಲ್ ಸಾಕು. ಪರದೆಯ ಸಂಖ್ಯೆ, ಕಾಣುವುದೇನು, ಕೇಳುವುದೇನು, ವಿದ್ಯಾರ್ಥಿ ಮಾಡಬೇಕಾದದ್ದೇನು, ತಪ್ಪು ಉತ್ತರಕ್ಕೆ ಸಿಗುವ ಪ್ರತಿಕ್ರಿಯೆ ಏನು ಎಂದು ಐದು ಕಾಲಂ ಹಾಕಿ. ಕೊನೆಯ ಕಾಲಂನಲ್ಲಿ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಬರೆದಿದ್ದರೆ ಆ ಪಾಠಕ್ಕೂ ಪ್ರಶ್ನೆಪತ್ರಿಕೆಗೂ ವ್ಯತ್ಯಾಸವಿಲ್ಲ. 1/6 ಆರಿಸಿದ ಮಗುವಿಗೆ ಒಂದೇ ರೊಟ್ಟಿಯನ್ನು ನಾಲ್ಕು ಮಂದಿಗೆ ಮತ್ತು ಆರು ಮಂದಿಗೆ ಹಂಚಿದ ಚಿತ್ರ ಪಕ್ಕಪಕ್ಕದಲ್ಲಿ ಕಾಣಬೇಕು.

ಕಟ್ಟುವುದಕ್ಕೆ ಎಚ್‌5ಪಿ ಎಂಬ ಉಚಿತ ಉಪಕರಣ ಸಾಕು. ಆನ್‌ಲೈನ್ ಪಾಠ ನಡೆಸುವ ಮೂಡಲ್ ವೇದಿಕೆಯೊಳಗೇ ಅದು ಸಿಗುತ್ತದೆ. ಕಾಲೇಜಿನಲ್ಲಿ ಮೂಡಲ್ ಇಲ್ಲದಿದ್ದರೆ ಲೂಮಿ ಎಂಬ ಉಚಿತ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಮಾಡಿ, ಒಂದೇ ಎಚ್‌ಟಿಎಂಎಲ್ ಕಡತವಾಗಿ ಹೊರತೆಗೆದರೆ ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ಓಡುತ್ತದೆ. ಆಗ ಅಂಕಗಳು ಎಲ್ಲೂ ಕೂಡಿಡಲ್ಪಡುವುದಿಲ್ಲ ಎಂಬುದು ನೆನಪಿರಲಿ, ಪರೀಕ್ಷೆಯನ್ನು ಕಾಗದದ ಮೇಲೇ ನಡೆಸಬೇಕಾಗುತ್ತದೆ.

ಕನ್ನಡದಲ್ಲಿ ಮಾಡುವವರಿಗೆ ಮೂರು ಕಡೆ ಕಾಲು ಜಾರುತ್ತದೆ. ಒಂದು, ಹಳೇ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿರುವ ನೋಟ್ಸನ್ನು ನೇರವಾಗಿ ಅಂಟಿಸಿದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೂ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ತಿದ್ದಲೇಬೇಕು. ಎರಡು, ಪ್ರಶ್ನೆಗಳನ್ನು ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿ ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಯಲ್ಲಿ ಸಣ್ಣ ಕಾಗುಣಿತ ತಪ್ಪನ್ನು ಒಪ್ಪಿಕೊಳ್ಳುವ ಸೌಲಭ್ಯ ಆನ್ ಮಾಡಿದರೆ, ‘ಕಿರಣ’ ಎಂಬ ಉತ್ತರಕ್ಕೆ ಮಗು ‘ಕಾರಣ’ ಎಂದು ಬರೆದರೂ ಸರಿ ಎಂದುಬಿಡಬಹುದು, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಅಲ್ಲಿ ಬದಲಾದದ್ದು ಒಂದೇ ಚಿಹ್ನೆ. ಆಫ್ ಮಾಡಿದರೆ ‘ದ್ಯುತಿಸಂಶ್ಲೇಷಣೆ’ಯನ್ನು ಬಿಡಿಸಿ ಬರೆದ ಮಗುವಿಗೆ ಸೊನ್ನೆ. ಒಪ್ಪಬಹುದಾದ ರೂಪಗಳನ್ನೆಲ್ಲ ಓರೆಗೆರೆ ಹಾಕಿ ಪಟ್ಟಿ ಮಾಡುವುದು ಅಥವಾ ಎಳೆದು ಬಿಡುವ ಮಾದರಿಯ ಪ್ರಶ್ನೆಗೆ ಹೋಗುವುದು ಒಳಿತು.

ವಿಡಿಯೊ ಬೇಕೇಬೇಕು ಎನ್ನುವವರು ಗಾತ್ರ ನೋಡಿಕೊಳ್ಳಿ. ಸೆಕೆಂಡಿಗೆ 500 ಕಿಲೋಬಿಟ್ ದರದಲ್ಲಿ 5 ನಿಮಿಷದ ವಿಡಿಯೊ ಸುಮಾರು 19 ಎಂಬಿ ಆಗುತ್ತದೆ. ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೇ ಹಾಕಿದರೆ ಅದರ ಹಲವು ಪಟ್ಟು. ಅಪ್ಪನ ಫೋನಿನ ದಿನದ ಡೇಟಾ ನೆಚ್ಚಿಕೊಂಡ ಮಗು ಅದನ್ನು ತೆರೆಯುವುದಿಲ್ಲ.

ಪ್ರಶ್ನೆ ಭಂಡಾರ ಮತ್ತು ಪ್ರಶ್ನೆಗಳ ವಿಶ್ಲೇಷಣೆ

ಇದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹೊಳಪಿಲ್ಲ, ಚಿತ್ರವಿಲ್ಲ. ಆದರೆ ಶಿಕ್ಷಕರಾಗಿದ್ದು ಎಡ್‌ಟೆಕ್‌ಗೆ ಹೋಗುವವರಿಗೆ ನಮ್ಮ ಮೊದಲ ಶಿಫಾರಸು ಇದು. ಒಳ್ಳೆಯ ಪ್ರಶ್ನೆ ಬರೆದು, ಅದು ಕೆಲಸ ಮಾಡುತ್ತದೆ ಎಂದು ಅಂಕಿಯಲ್ಲಿ ತೋರಿಸಬಲ್ಲವರು ಕಡಿಮೆ. ಬೇಕಾದ ಉಪಕರಣ ಒಂದು ಎಕ್ಸೆಲ್. ಮಕ್ಕಳಿಂದ ಬೇಕಾದದ್ದು ಒಂದು ಪೀರಿಯಡ್.

60 ಬಹು ಆಯ್ಕೆ ಪ್ರಶ್ನೆ ಬರೆದು, ಇಬ್ಬರು ಅನುಭವಿ ಶಿಕ್ಷಕರಿಂದ ಓದಿಸಿ, ಎರಡು ಪತ್ರಿಕೆಯಾಗಿ ಒಡೆದು ಪರೀಕ್ಷಿಸಿ, ಕೊನೆಗೆ 35–40 ಉಳಿಸಿಕೊಳ್ಳುವುದು ಕ್ರಮ. ವಿಶ್ಲೇಷಣೆ ಹೀಗೆ: 40 ಮಕ್ಕಳ ಉತ್ತರಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ 27 ಶೇಕಡಾ ಮತ್ತು ಕೆಳಗಿನ 27 ಶೇಕಡಾ, ಅಂದರೆ ತಲಾ 11 ಮಂದಿಯನ್ನು ತೆಗೆದುಕೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 4 ಮಂದಿ ಸರಿ ಉತ್ತರ ಕೊಟ್ಟಿದ್ದರೆ ಕಠಿಣತೆಯ ಸೂಚ್ಯಂಕ (ಸರಿ ಬರೆದವರ ಪಾಲು, ಹೆಚ್ಚಿದಷ್ಟೂ ಪ್ರಶ್ನೆ ಸುಲಭ) 13/22, ಅಂದರೆ 0.59. ಮುಂದಿರುವವರನ್ನೂ ಹಿಂದುಳಿದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂದು ಹೇಳುವ ಭೇದಕ ಸೂಚ್ಯಂಕ (9−4)/11, ಅಂದರೆ 0.45. ಭೇದಕ ಸೂಚ್ಯಂಕ 0.40 ದಾಟಿದ್ದರೆ ಪ್ರಶ್ನೆ ಬಹಳ ಚೆನ್ನಾಗಿದೆ, 0.30ರ ಮೇಲಿದ್ದರೆ ಇಟ್ಟುಕೊಳ್ಳಬಹುದು, 0.20ಕ್ಕಿಂತ ಕೆಳಗಿದ್ದರೆ ಬಿಡುವುದು ಅಥವಾ ಹೊಸದಾಗಿ ಬರೆಯುವುದು ರೂಢಿ. ಮೇಲಿನವರು 10, ಕೆಳಗಿನವರು 9 ಎಂದಾದರೆ ಪ್ರಶ್ನೆ ತೀರಾ ಸುಲಭ, ಅದು ಯಾರನ್ನೂ ಬೇರ್ಪಡಿಸುತ್ತಿಲ್ಲ.

ಸೂಚ್ಯಂಕ ಋಣವಾಗಿ ಬಂದರೆ, ಅಂದರೆ ಹಿಂದುಳಿದವರೇ ಹೆಚ್ಚು ಸರಿ ಬರೆದಿದ್ದರೆ, ಮೊದಲು ಉತ್ತರದ ಕೀ ನೋಡಿ. ಅದು ಸರಿಯಿದ್ದರೆ ಪ್ರಶ್ನೆಯ ಕನ್ನಡ ನೋಡಿ. ‘ಇವುಗಳಲ್ಲಿ ಯಾವುದು ಅಲ್ಲದ್ದು ಅಲ್ಲ’ ಎಂಬಂಥ ವಾಕ್ಯದಲ್ಲಿ ಜಾಣ ಮಕ್ಕಳೇ ಹೆಚ್ಚು ಯೋಚಿಸಿ ಕೆಡುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಕೋಲಾರ ಮತ್ತು ಶಿರಾದಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ಆ ಶಾಲೆಗಳ ಉತ್ತರವನ್ನು ತುಮಕೂರು ಪೇಟೆಯ ಶಾಲೆಯ ಜೊತೆ ಒಂದೇ ರಾಶಿಗೆ ಸುರಿದರೆ ನೀವು ಅಳೆಯುತ್ತಿರುವುದು ಗಣಿತವೋ ಕನ್ನಡವೋ ತಿಳಿಯದು. ಬೇರೆಬೇರೆಯಾಗಿ ಲೆಕ್ಕ ಹಾಕಿ ಹೋಲಿಸಿದರೆ ಅದೇ ಒಂದು ಒಳ್ಳೆಯ ಅಧ್ಯಾಯವಾಗುತ್ತದೆ.

40 ಮಕ್ಕಳ ಅಂಕಿ ಅಲುಗಾಡುತ್ತದೆ. ಮೂರು ಶಾಲೆಗಳಿಂದ 120 ಮಂದಿ ಸಿಕ್ಕರೆ ಪ್ರತಿ ಗುಂಪಿಗೆ 32 ಆಗುತ್ತದೆ, ಆಗ ನೆಚ್ಚಬಹುದು. ಇಡೀ ಪತ್ರಿಕೆಯ ವಿಶ್ವಾಸಾರ್ಹತೆಗೆ, ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಕ್ರೋನ್‌ಬ್ಯಾಕ್ ಆಲ್ಫಾ 0.70 ದಾಟಿರಲಿ.

ಈಗಿರುವುದನ್ನೇ ಅಧ್ಯಯನ ಮಾಡುವುದು

ಶಾಲಾ ಪಾಠಗಳ ಸರ್ಕಾರಿ ಡಿಜಿಟಲ್ ವೇದಿಕೆ ದೀಕ್ಷಾ 2017ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು, ಪಠ್ಯಪುಸ್ತಕಗಳಲ್ಲಿ ಅದರ ಕ್ಯೂಆರ್ ಕೋಡ್ ಇವೆ. ಹಲವು ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸ್ ಟಿವಿ ಗೋಡೆಗೆ ಏರಿದೆ. ಹೊಸದೇನನ್ನೂ ಕಟ್ಟದೆ ಇವುಗಳ ಬಳಕೆಯನ್ನು ಅಧ್ಯಯನ ಮಾಡುವುದು ಕೈಗೆಟುಕುವ ಪ್ರಾಜೆಕ್ಟ್. ಕಾರ್ಯಕ್ರಮ ಸಂಯೋಜಕರ ಅಥವಾ ಸಂಶೋಧನಾ ಸಹಾಯಕರ ಕೆಲಸ ಹುಡುಕುವವರಿಗೆ ಇದು ಹೊಂದುತ್ತದೆ.

ಕೆಡುವುದು ಪ್ರಶ್ನಾವಳಿಯಲ್ಲಿ. ‘ದೀಕ್ಷಾ ನಿಮಗೆ ಉಪಯುಕ್ತವೇ?’ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮೇಷ್ಟ್ರುಗಳು ‘ತುಂಬಾ ಉಪಯುಕ್ತ ಸಾರ್’ ಎನ್ನುತ್ತಾರೆ, ಹೊರಗಿನಿಂದ ಬಂದವರಿಗೆ ಬೇರೆ ಏನು ಹೇಳಿಯಾರು? ‘ಕಳೆದ ವಾರ ಯಾವ ಪಾಠಕ್ಕೆ, ಯಾವ ದಿನ, ಏನನ್ನು ತೋರಿಸಿದಿರಿ?’ ಎಂದು ಕೇಳಿ. 200 ಮಂದಿಯ ಗೂಗಲ್ ಫಾರ್ಮ್‌ಗಿಂತ 12 ಶಿಕ್ಷಕರ ಸಂದರ್ಶನ ಮತ್ತು 15 ಪೀರಿಯಡ್‌ಗಳ ವೀಕ್ಷಣೆ ಹೆಚ್ಚು ಹೇಳುತ್ತದೆ. ವೀಕ್ಷಣೆಗೆ ಒಂದು ಹಾಳೆ ಮಾಡಿಕೊಂಡು ಪ್ರತಿ 5 ನಿಮಿಷಕ್ಕೊಮ್ಮೆ ಗುರುತು ಹಾಕಿ: ಪರದೆ ಆನ್ ಇದೆಯೇ, ಮಾತಾಡುತ್ತಿರುವವರು ಯಾರು, ಮಕ್ಕಳ ಕೈಯಲ್ಲಿ ಏನಿದೆ. ಕ್ಯೂಆರ್ ಕೋಡನ್ನು ನಿಮ್ಮ ಫೋನಿನಲ್ಲೂ ಸ್ಕ್ಯಾನ್ ಮಾಡಿ, ಯಾವ ಪಾಠಕ್ಕೆ ಕನ್ನಡದ ವಸ್ತು ತೆರೆಯುತ್ತದೆ, ಎಷ್ಟು ಹೊತ್ತಾಗುತ್ತದೆ ಎಂದು ಬರೆದುಕೊಳ್ಳಿ. 1ರಿಂದ 3ನೇ ತರಗತಿಗೆ ಹೋಗುವುದಾದರೆ ಅಲ್ಲಿರುವುದು ನಲಿಕಲಿ, ಪ್ರತಿ ಮಗು ತನ್ನದೇ ವೇಗದಲ್ಲಿ ಕಲಿಯುವ ಚಟುವಟಿಕೆಯ ಪದ್ಧತಿ. ಒಂದೇ ಕೋಣೆಯಲ್ಲಿ ಬೇರೆಬೇರೆ ಮೈಲಿಗಲ್ಲಿನಲ್ಲಿರುವ ಮಕ್ಕಳು ಕೂತಿರುತ್ತಾರೆ. ಇಡೀ ತರಗತಿಗೆ ಒಂದೇ ವಿಡಿಯೊ ಎಂಬ ಊಹೆ ಅಲ್ಲಿ ನಡೆಯುವುದಿಲ್ಲ.

ಅಭಿಪ್ರಾಯ ಅಳೆಯಲು ಸಿಸ್ಟಮ್ ಯೂಸಬಿಲಿಟಿ ಸ್ಕೇಲ್ (ತಂತ್ರಾಂಶ ಬಳಸಲು ಎಷ್ಟು ಸುಲಭ ಎಂದು ಕೇಳುವ ಸಿದ್ಧ ಪ್ರಶ್ನಾವಳಿ) ಬಳಸುವವರು ಗಮನಿಸಿ: ಹತ್ತು ಹೇಳಿಕೆಗಳಲ್ಲಿ ಐದು ನೇರ, ಐದು ನಕಾರಾತ್ಮಕ. ಕನ್ನಡಕ್ಕೆ ತಂದಾಗ ನಕಾರಾತ್ಮಕ ಹೇಳಿಕೆಗೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಲ್ಲಿ ಜನ ಗೊಂದಲಕ್ಕೆ ಬೀಳುತ್ತಾರೆ. ಮೊದಲು ಮೂವರ ಬಳಿ ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತು ಎಂದು ಕೇಳಿ ನೋಡಿ.

ಇಂಟರ್ನೆಟ್ ಇಲ್ಲದ ಶಾಲೆಗೆ ಸರ್ವರ್

ಕೋಲಿಬ್ರಿ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಒಂದು ಕಂಪ್ಯೂಟರಿನಲ್ಲಿ ಪಾಠಗಳನ್ನು ತುಂಬಿ, ವೈಫೈ ರೂಟರ್ ಜೋಡಿಸಿದರೆ ಟ್ಯಾಬ್‌ಗಳು ಇಂಟರ್ನೆಟ್ ಇಲ್ಲದೆಯೇ ಅದನ್ನು ನೋಡುತ್ತವೆ. ನೆಟ್‌ವರ್ಕಿಂಗ್ ಅಥವಾ ಸಿಸ್ಟಮ್ ಅಡ್ಮಿನ್ ಹಿನ್ನೆಲೆಯವರಿಗೆ ಇದು ಸಹಜ ಆಯ್ಕೆ.

ಎಲ್ಲರೂ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಳ್ಳಲು ಹೊರಡುತ್ತಾರೆ. ನಮ್ಮ ಕಡೆಯ ಕರೆಂಟಿಗೆ ಹಳೇ ಲ್ಯಾಪ್‌ಟಾಪೇ ಮೇಲು. ಪೈ ಓಡುತ್ತಿರುವಾಗ ಕರೆಂಟ್ ಹೋದರೆ ಎಸ್‌ಡಿ ಕಾರ್ಡಿನ ಕಡತ ವ್ಯವಸ್ಥೆ ಕೆಡುವ ಸಂಭವ ಹೆಚ್ಚು. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆ ನಿಂತರೂ ಸರಿಯಾಗಿ ಶಟ್‌ಡೌನ್ ಮಾಡಲು ಸಮಯ ಸಿಗುತ್ತದೆ. ಪೈ ಬೇಕೇ ಬೇಕೆಂದರೆ 4ನೇ ಮಾದರಿಗೆ 5 ವೋಲ್ಟ್ 3 ಆಂಪಿಯರ್ ಪೂರೈಕೆ ಕೊಡಿ, ಮೊಬೈಲ್ ಚಾರ್ಜರ್ ಹಾಕಬೇಡಿ. ಅದರ ಒಳಗಿನ ವೈಫೈ ಒಂದು ತರಗತಿಯನ್ನು ತಾಳುವುದಿಲ್ಲ, ಬೇರೆ ರೂಟರ್ ಇರಲಿ. ಕೋಲಿಬ್ರಿ ಸಾಮಾನ್ಯವಾಗಿ 8080 ಪೋರ್ಟಿನಲ್ಲಿ ತೆರೆದುಕೊಳ್ಳುತ್ತದೆ. ರೂಟರ್ ಮರುಪ್ರಾರಂಭವಾದಾಗಲೆಲ್ಲ ಐಪಿ ವಿಳಾಸ ಬದಲಾದರೆ ಮರುದಿನ ಟೀಚರಿಗೆ ಏನೂ ತೆರೆಯುವುದಿಲ್ಲ, ಆದ್ದರಿಂದ ರೂಟರಿನಲ್ಲಿ ಆ ಯಂತ್ರಕ್ಕೆ ವಿಳಾಸವನ್ನು ಕಾಯ್ದಿರಿಸಿ, ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ.

ಆದರೆ ಅಳವಡಿಸುವುದಕ್ಕೆ 20 ಗಂಟೆ ಸಾಕು, ಮಿಕ್ಕ 45 ಗಂಟೆಯಲ್ಲಿ ಏನನ್ನು ಅಳೆಯುತ್ತೀರಿ ಎಂಬುದಕ್ಕೆ ಉತ್ತರವಿಲ್ಲದೆ ಇದನ್ನು ಹಿಡಿಯಬೇಡಿ. ಕಲಿಕೆ ಹೆಚ್ಚಿತೇ ಎಂದು ಒಂದು ಸೆಮಿಸ್ಟರ್‌ನಲ್ಲಿ ತೋರಿಸಲಾಗದು. ಆರು ವಾರದಲ್ಲಿ ಎಷ್ಟು ದಿನ ಓಡಿತು, ಯಾಕೆ ನಿಂತಿತು, ಯಾರು ಸರಿಪಡಿಸಿದರು ಎಂಬ ದಿನಚರಿ ಮಾತ್ರ ತೋರಿಸಬಹುದು, ಅದು ಗಟ್ಟಿ ವಿಷಯವೂ ಹೌದು.

ಕಾರ್ಖಾನೆ, ಆಸ್ಪತ್ರೆ, ಬ್ಯಾಂಕಿನ ತರಬೇತಿ

ಎಡ್‌ಟೆಕ್ ಎಂದರೆ ಶಾಲೆ ಮಾತ್ರವಲ್ಲ. ವಸಂತನರಸಾಪುರ, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಹೊಸ ಕೆಲಸಗಾರರ ತರಬೇತಿ ನಿತ್ಯದ ಕೆಲಸ. ಅಲ್ಲಿಂದಲೇ ಬಂದವರಿಗೆ ಸುರಕ್ಷತೆಯ 15 ನಿಮಿಷದ ಘಟಕ ಶಾಲೆಯ ಪ್ರಾಜೆಕ್ಟಿಗಿಂತ ಬೇಗ ಕೆಲಸ ಕೊಡಿಸಬಹುದು. ಕಲಿಯುವವರು ವಯಸ್ಕರಾದ್ದರಿಂದ ಪೋಷಕರ ಒಪ್ಪಿಗೆಯ ಪ್ರಶ್ನೆಯಿಲ್ಲ.

ತೊಡಕು ಗೋಪ್ಯತೆಯದು. ಯಂತ್ರದ ಫೋಟೊ, ಕೆಲಸದ ಸೂಚನೆಗಳನ್ನು ಹೊರಗೆ ತೋರಿಸಲು ಕಂಪನಿ ಒಪ್ಪದೇ ಇರಬಹುದು. ಆಗ ಪ್ರಾಜೆಕ್ಟ್ ಮುಗಿದರೂ ಪೋರ್ಟ್‌ಫೋಲಿಯೊದಲ್ಲಿ ಇಡಲು ಏನೂ ಉಳಿಯುವುದಿಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಬಳಕೆ, ದುರಸ್ತಿಗೆ ಮುನ್ನ ಯಂತ್ರದ ವಿದ್ಯುತ್ ಕಡಿದು ಬೀಗ ಹಾಕುವ ಕ್ರಮ, ಇಂಥ ಎಲ್ಲರಿಗೂ ಸೇರಿದ ವಿಷಯ ತೆಗೆದುಕೊಳ್ಳಿ. ಸ್ಕಾರ್ಮ್ 1.2 ಎಂಬ ಸಾಮಾನ್ಯ ಕಡತ ಮಾದರಿಯಲ್ಲಿ ಹೊರತೆಗೆದರೆ ಬಹುತೇಕ ಎಲ್‌ಎಂಎಸ್‌ಗಳಲ್ಲಿ (ಕಲಿಕೆ ನಿರ್ವಹಿಸುವ ತಂತ್ರಾಂಶಗಳಲ್ಲಿ) ಓಡುತ್ತದೆ, ಆದರೆ ಕಲಿಯುವವರು ಎಲ್ಲಿ ನಿಲ್ಲಿಸಿದರು ಎಂಬ ಮಾಹಿತಿಗೆ ಅದರಲ್ಲಿರುವ ಜಾಗ 4096 ಅಕ್ಷರ ಮಾತ್ರ. ಘಟಕ ಉದ್ದವಾದರೆ ಮರಳಿ ಬಂದವರು ಮೊದಲಿಂದ ಶುರು ಮಾಡಬೇಕಾಗುತ್ತದೆ. ಚಿಕ್ಕದಾಗಿ ಒಡೆಯಿರಿ.

ಆ್ಯಪ್ ಮತ್ತು ಎಐ

ಮಗು ಓದಿದ್ದನ್ನು ಕೇಳಿ ತಪ್ಪು ಹಿಡಿಯುವ ಕನ್ನಡ ಆ್ಯಪ್, ಪಾಠದ ಚಾಟ್‌ಬಾಟ್. ಕೇಳಲು ಚೆಂದ. ಧ್ವನಿ ಗುರುತಿಸುವ ಮಾದರಿಗಳನ್ನು ಹೆಚ್ಚಾಗಿ ದೊಡ್ಡವರ ಧ್ವನಿಯಿಂದ ಕಲಿಸಿರುತ್ತಾರೆ. ಮಕ್ಕಳ ಗಂಟಲು, ತೆಲುಗು ಲಯದ ಕನ್ನಡ, ಫ್ಯಾನಿನ ಸದ್ದು ಸೇರಿದರೆ ತಪ್ಪು ಮಗುವಿನದೋ ಯಂತ್ರದ್ದೋ ಹೇಳಲಾಗದು. 65 ಗಂಟೆಯಲ್ಲಿ ಆ್ಯಪ್ ಆಗುವುದಿಲ್ಲ. ಸಾಫ್ಟ್‌ವೇರ್ ಹಿನ್ನೆಲೆಯವರು ಸಿದ್ಧ ಮಾದರಿಯೊಂದನ್ನು ತೆಗೆದುಕೊಂಡು, 30 ಮಕ್ಕಳ ಓದಿನ ಮೇಲೆ ಅದು ಎಲ್ಲೆಲ್ಲಿ ತಪ್ಪುತ್ತದೆ ಎಂದು ವರ್ಗೀಕರಿಸಿದರೆ ಆಗುತ್ತದೆ. ಉಳಿದವರು ಕೈ ಹಾಕದಿರುವುದೇ ಒಳ್ಳೆಯದು.

ಅನುಮತಿ, ಕ್ಯಾಲೆಂಡರ್

ಸರ್ಕಾರಿ ಶಾಲೆಯಾದರೆ ಕಾಲೇಜಿನ ಪತ್ರ, ಪ್ರಶ್ನಾವಳಿಯ ಪ್ರತಿ, ದಿನಾಂಕಗಳ ಪಟ್ಟಿ ಇಟ್ಟುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಒಂದಕ್ಕಿಂತ ಹೆಚ್ಚು ತಾಲ್ಲೂಕು ಇದ್ದರೆ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಬಳಿ. ತುಮಕೂರು ಒಂದೇ ಜಿಲ್ಲೆಯಾದರೂ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯ ಶಾಲೆಗಳು ಮಧುಗಿರಿ ಡಿಡಿಪಿಐ ವ್ಯಾಪ್ತಿಗೆ ಬರುತ್ತವೆ. ಅರ್ಜಿಯನ್ನು ತುಮಕೂರಿನಲ್ಲಿ ಕೊಟ್ಟು ಕಾಯುತ್ತ ಕೂತರೆ ವಾರಗಳು ಹೋಗುತ್ತವೆ. ಮುಖ್ಯ ಶಿಕ್ಷಕರನ್ನು ಮೊದಲೇ ಕಂಡು ಮಾತಾಡಿಸಿರಿ, ಆದೇಶ ಇದ್ದರೂ ಅವರ ಮನಸ್ಸಿಲ್ಲದಿದ್ದರೆ ಪೀರಿಯಡ್ ಸಿಗುವುದಿಲ್ಲ. ಸರ್ಕಾರಿ ನೌಕರಿಯಲ್ಲಿರುವವರು ಕೋರ್ಸಿಗೆ ಸೇರುವಾಗಲೇ ಇಲಾಖೆಯ ಅನುಮತಿ ಪಡೆದಿರಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪೋಷಕರ ಒಪ್ಪಿಗೆ ಪತ್ರ ಅವರು ಓದುವ ಭಾಷೆಯಲ್ಲಿರಲಿ, ಓದು ಬಾರದವರಿಗೆ ಓದಿ ಹೇಳಿ. ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ, ಹೆಸರು–ಸಂಖ್ಯೆಯ ಪಟ್ಟಿ ಬೇರೆ ಕಡೆ ಇರಲಿ. ಮುಖ ಕಾಣುವ ಫೋಟೊ ಬೇಡ, ಕೈ ಮತ್ತು ಪರದೆ ಕಂಡರೆ ಸಾಕು.

ಶಾಲೆಯಲ್ಲಿ ಕೆಲಸ ನಡೆಯುವುದು ಎರಡು ಅವಧಿಯಲ್ಲಿ: ಜೂನ್ ನಡುವಿನಿಂದ ಆಗಸ್ಟ್ ಕೊನೆ, ಮತ್ತು ದಸರಾ ರಜೆ ಮುಗಿದು ನವೆಂಬರ್‌ನಿಂದ ಡಿಸೆಂಬರ್ ನಡುವಿನವರೆಗೆ. ಸೆಪ್ಟೆಂಬರ್ ಸಂಕಲನಾತ್ಮಕ ಮೌಲ್ಯಮಾಪನದ ತಯಾರಿಗೆ ಹೋಗುತ್ತದೆ. ಜನವರಿಯಿಂದ ಹತ್ತನೇ ತರಗತಿಯ ಬಾಗಿಲಿಗೆ ಹೋಗಲೇಬೇಡಿ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಚುನಾವಣೆ ಅಥವಾ ಗಣತಿಯ ಕೆಲಸ ಯಾವಾಗ ಬೇಕಾದರೂ ಎರಡು ವಾರ ನುಂಗಬಹುದು. ಸೆಮಿಸ್ಟರ್ ಜನವರಿ–ಮೇ ಇರುವವರಿಗೆ 8–9ನೇ ತರಗತಿಯ ಫೆಬ್ರವರಿ ಬಿಟ್ಟರೆ ಬೇರೆ ಸಮಯವಿಲ್ಲ. ಅಂಥವರು ವಯಸ್ಕರ ತರಬೇತಿ ಅಥವಾ ಶಿಕ್ಷಕರ ಸಂದರ್ಶನದ ಕಡೆ ತಿರುಗುವುದು ಮೇಲು.

ಯಾವ ಕೆಲಸಕ್ಕೆ ಯಾವುದು

ಇನ್‌ಸ್ಟ್ರಕ್ಷನಲ್ ಡಿಸೈನರ್ ಆಗುವವರಿಗೆ ಕಲಿಕಾ ಘಟಕ. ಅಸೆಸ್‌ಮೆಂಟ್ ಮತ್ತು ಕಂಟೆಂಟ್ ಕಡೆಗೆ ಪ್ರಶ್ನೆ ಭಂಡಾರ, ಇದನ್ನು ಮನೆಯಿಂದಲೇ ಮಾಡುವ ಕೆಲಸವಾಗಿಯೂ ಹಿಡಿಯಬಹುದು, ದಿನಾ ಬೆಂಗಳೂರಿಗೆ ಮಾರಿಕುಪ್ಪಂ ರೈಲು ಹತ್ತಬೇಕಾಗಿಲ್ಲ. ಊರೂರು ಸುತ್ತುವ ಅನುಷ್ಠಾನದ ಕೆಲಸಕ್ಕೆ ಬಳಕೆಯ ಅಧ್ಯಯನ ಅಥವಾ ಆಫ್‌ಲೈನ್ ಸರ್ವರ್. ಎರಡರ ನಡುವೆ ತೂಗಾಡುತ್ತಿದ್ದರೆ ಪ್ರಶ್ನೆ ಭಂಡಾರದಿಂದ ಶುರು ಮಾಡಿ. ಅದರಲ್ಲಿ ಕಂಡ ತಪ್ಪು ಕಲ್ಪನೆಯೇ ಮುಂದಿನ ಸೆಮಿಸ್ಟರ್‌ನ ಕಲಿಕಾ ಘಟಕದ ವಿಷಯವಾಗುತ್ತದೆ.

ಪೋರ್ಟ್‌ಫೋಲಿಯೊಗೆ 150 ಪುಟದ ವರದಿ ಬೇಡ. ಸ್ಟೋರಿಬೋರ್ಡಿನ ಒಂದು ಪುಟ, ತೆರೆದು ನೋಡಬಹುದಾದ ಕೊಂಡಿ, ಐದು ಮಕ್ಕಳು ಎಡವಿದ ಜಾಗ ಮತ್ತು ಅದಕ್ಕೆ ನೀವು ಮಾಡಿದ ತಿದ್ದುಪಡಿಯ ಮುಂಚಿನ–ನಂತರದ ಪರದೆ ಇರಲಿ.

ಸಿನಾಪ್ಸಿಸ್‌ನ ಶೀರ್ಷಿಕೆಯಲ್ಲಿ ‘ಪರಿಣಾಮಕಾರಿತ್ವ’ ಎಂಬ ಪದ ಹಾಕುವ ಮುನ್ನ ಯೋಚಿಸಿ. ಹೋಲಿಕೆಯ ಗುಂಪಿಲ್ಲದೆ 30 ಮಕ್ಕಳ ಅಂಕ ಏರಿದ್ದನ್ನು ತೋರಿಸಿದರೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಗೆ ಬೀಳುತ್ತದೆ. ಒಂದು ಸೆಕ್ಷನ್‌ಗೆ ಈಗ, ಇನ್ನೊಂದಕ್ಕೆ ಮೂರು ವಾರದ ನಂತರ ಅದೇ ಪಾಠ ಕೊಡುವಂತಿದ್ದರೆ ಆ ಪದ ಇರಲಿ. ಇಲ್ಲವಾದರೆ ‘6ನೇ ತರಗತಿಯ ಭಿನ್ನರಾಶಿ ಹೋಲಿಕೆಗೆ ಕಲಿಕಾ ಘಟಕದ ವಿನ್ಯಾಸ ಮತ್ತು ಪ್ರಾಥಮಿಕ ಪ್ರಯೋಗ’ ಎಂದು ಬರೆದು ಗೈಡ್ ಸಹಿ ಹಾಕಿಸಿಕೊಳ್ಳಿ.